ನಾನು ಕೇಳದ ಪ್ರಶ್ನೆ

ಸತ್ತವರು ಹತ್ತಿರ ಸುಳಿಯುತ್ತಾರೆಂದು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ, ನಿಮಗೆ ತೋಚಿದಂತೆ ತಿಳಿದುಕೊಳ್ಳಿ.

ನಮ್ಮ ಯಜಮಾನರಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಬಂಗಾರಪೇಟೆಯಲ್ಲಿ ನಮ್ಮ ಮನೆ. ಸಮಾಜಶಾಸ್ತ್ರ ಓದಿದ್ದ ಅವರು ಬೆಂಗಳೂರಿನ ಇಬ್ಬರು ಅಧ್ಯಾಪಕ ಸ್ನೇಹಿತರ ಜೊತೆ ಅಂಗವಿಕಲರ ಬದುಕಿನ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದರು. ಒಬ್ಬರು ಇತಿಹಾಸದವರು, ಇನ್ನೊಬ್ಬರು ಸಾಹಿತ್ಯದವರು. ಹತ್ತಿರದ ಚಿನ್ನದ ಗಣಿಯಲ್ಲಿ ಕೈಕಾಲು, ಕಣ್ಣು ಕಳೆದುಕೊಂಡವರ ಮಾತು ಸಂಗ್ರಹಿಸುವುದು ಇವರ ಪಾಲು. ನಾನು ಜೊತೆಗೆ ಹೋಗಿ ಟೇಪ್ ರೆಕಾರ್ಡರ್ ಹಾಕುತ್ತಿದ್ದೆ, ಮನೆಗೆ ಬಂದು ಕೇಳಿ ಬರೆಯುತ್ತಿದ್ದೆ. ಪ್ರಶ್ನೆ ಮಾತ್ರ ಅವರದೇ. ಮೊದಲನೆಯದು ಯಾವಾಗಲೂ ಒಂದೇ: "ಇವತ್ತು ಎದ್ದಾಗಿನಿಂದ ಏನೇನು ಮಾಡಿದ್ರಿ?" ಅಪಘಾತ ಹೇಗಾಯಿತೆಂದು ನಾನೊಮ್ಮೆ ನಡುವೆ ಬಾಯಿ ಹಾಕಿದ್ದಕ್ಕೆ ದಾರಿಯುದ್ದಕ್ಕೂ ಬೈದಿದ್ದರು. "ಅದು ಒಂದು ನಿಮಿಷದ್ದು ಕಣೇ. ಆಮೇಲಿನ ಇಪ್ಪತ್ತು ವರ್ಷ ಯಾರು ಕೇಳ್ತಾರೆ?"

ಒಬ್ಬರ ಮಾತು ಬಾಕಿ ಇರುವಾಗಲೇ ಯಜಮಾನರು ತೀರಿಕೊಂಡರು. ಅಷ್ಟಕ್ಕೇ ಬಿಡಿ ಎಂದು ಸ್ನೇಹಿತರು ಕಾಗದ ಬರೆದರು. ಅವರ ಕೆಲಸ ಅರ್ಧಕ್ಕೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮಾರಿಕುಪ್ಪಂ ರೈಲು ಹತ್ತಿದೆ. ಇಳಿಯುವಾಗ ಅಭ್ಯಾಸದಿಂದ ಮೊಣಕೈ ಹಿಂದಕ್ಕೆ ಚಾಚಿದೆ. ಹಿಡಿಯಲು ಯಾರೂ ಇರಲಿಲ್ಲ.

ಚಾಂಪಿಯನ್ ರೀಫ್ಸ್ ಗಣಿಯ ಕಾರ್ಮಿಕರ ಸಾಲುಮನೆಯಲ್ಲಿ ಆ ಹೊತ್ತಿಗೆ ಮುನಿಯಪ್ಪ ಒಬ್ಬರೇ ಇದ್ದರು. ಸಿಡಿಮದ್ದಿನಿಂದ ಎರಡೂ ಕಣ್ಣು ಹೋದವರು. ನಮಗೂ ಅವರಿಗೂ ಕಾಗದದ ಪರಿಚಯ ಮಾತ್ರ. ಯಜಮಾನರು ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಲು ನನಗೂ ಬಾಯಿ ಬರಲಿಲ್ಲ.

ಪುಸ್ತಕದ ಕೆಲಸಕ್ಕೆ ಬಂದದ್ದೆಂದು ಬಾಗಿಲಲ್ಲಿ ಹೇಳಿದ್ದಕ್ಕೆ, "ಬನ್ನಿ ಅಮ್ಮಾ, ಕುಂತ್ಕಳಿ" ಎಂದರು. ಟೇಪಿನ ಗುಂಡಿ ಒತ್ತಿದೆ. ಪ್ರಶ್ನೆ ಕೇಳಬೇಕು. ಕೇಳದೆ, ತಿರುಗುವ ಟೇಪನ್ನೇ ನೋಡುತ್ತ ಕೂತೆ.

ಆಗ ಮುನಿಯಪ್ಪ ನನ್ನ ಎಡಗಡೆಗೆ, ಯಾರೂ ಇಲ್ಲದ ಕಡೆಗೆ, ಮುಖ ತಿರುಗಿಸಿ ನಕ್ಕರು.

"ಎದ್ದಾಗ್ನಿಂದಾನಾ ಸಾರ್? ಕೊಳಾಯಿ ತಾವ ಓಗಿ ಎರಡು ಬಿಂದಿಗೆ ನೀರು ತಂದೆ. 'ಕಣ್ಣಿಲ್ದೋನು, ಎಲ್ಲಾನ ಬಿದ್ದು ಬಿಂದಿಗೆ ಒಡೀತೀಯ' ಅಂದ್ಳು ನನ್ನೆಂಡ್ತಿ. ಕಣ್ಣಿರೋ ನೀನೇ ಮೂರು ಒಡೆದಿದ್ದೀಯಲ್ಲೇ ಅಂದೆ!"

ಒಂದು ಗಂಟೆ ಹೀಗೇ ಹೇಳಿದರು. ಅಪಘಾತದ ಮಾತೇ ಎತ್ತಲಿಲ್ಲ. ಹೊರಡುವಾಗ ಧೈರ್ಯ ಮಾಡಿ, "ನಿಮ್ಮನ್ನ ಕೇಳಿದ್ದು ಯಾರು?" ಎಂದೆ.

"ಅದೇನಮ್ಮಾ ಇಂಗಂತೀರಾ, ಸಾರ್ ಕೇಳ್ಲಿಲ್ವಾ? ಒಸಿ ಮೆತ್ತಗೆ ಕೇಳಿದ್ರು, ಅಷ್ಟೇ."

ಮುನಿಯಪ್ಪನವರಿಗೆ ಮೊದಲು ಕಳಿಸಿದ್ದ ಕಾಗದದಲ್ಲಿ ಆ ಪ್ರಶ್ನೆ ಇರಲಿಲ್ಲ. ಆ ಕಾಗದ ಬರೆದವಳು ನಾನೇ. ಪಕ್ಕದ ಮನೆಯಿಂದ ಯಾರದೋ ಮಾತು ಕೇಳಿಸಿರಬಹುದೆಂದೂ ಯೋಚಿಸಿದ್ದೇನೆ. ಆದರೆ ಟೇಪಿನಲ್ಲಿ ನನ್ನ ಉಸಿರಿದೆ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಉತ್ತರವಿದೆ.

ಪುಸ್ತಕಕ್ಕೆ ಕಳಿಸುವಾಗ, ಉಳಿದವುಗಳಲ್ಲಿ ಮಾಡಿದಂತೆ, ಪ್ರಶ್ನೆ ಕೇಳಿದವರು ಎಂಬಲ್ಲಿ ಯಜಮಾನರ ಹೆಸರನ್ನೇ ಬರೆದೆ. ಬರೆದದ್ದು ಸುಳ್ಳೋ ನಿಜವೋ, ಇಂದಿಗೂ ನನಗೆ ಗೊತ್ತಿಲ್ಲ.