ಹತ್ತು ಬೆರಳಿನ ಪರೀಕ್ಷೆ

ನನ್ನವ್ವ ತೀರಿದ ತಿಂಗಳಿಗೇ ಗಂಡನ ಅಣ್ಣ, ನಮ್ಮ ಭಾವ, ಜಹೀರಾಬಾದಿನ ತಮ್ಮ ಮನೆಗೆ ಒಬ್ಬ ಬುದ್ಧಿಪರೀಕ್ಷೆಯವನನ್ನು ಕರೆಸಿದರು. ಹತ್ತೂ ಬೆರಳಿನ ಗುರುತು ತೆಗೆದು, ಹುಟ್ಟಿನಿಂದ ಎಷ್ಟು ಬುದ್ಧಿ ಬಂದಿದೆ, ಮುಪ್ಪಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಹೇಳುವ ಯಂತ್ರ ಅವನ ಬಳಿ ಇತ್ತು. ಹತ್ತನೇ ತರಗತಿಯ ನನ್ನ ಮಗಳನ್ನು ಅದರ ಮುಂದೆ ಕೂರಿಸಬೇಕಂತೆ. ಭಾವನವರ ಕಡೆ ಮೂರು ತಲೆಮಾರು ಮಾಸ್ತರರು. ನನ್ನ ಕಡೆ ಮನೂರು ಹಳ್ಳಿಯ ಕುರಿ ಕಾಯುವವರು. ಮೇಲಾಗಿ ನನ್ನ ಹೆಸರನ್ನೇ ಮರೆತು ಸತ್ತ ಅವ್ವ. ಹುಡುಗಿಗೆ ಯಾರ ರಕ್ತ ಬಂದಿದೆ ಎಂದು ಅವರಿಗೆ ತಿಳಿಯಬೇಕಾಗಿತ್ತು.

ಮಗಳಿಗೂ ತಿಳಿಯಬೇಕಾಗಿತ್ತು. ಅದೇ ನನ್ನ ಸಂಕಟ. ಅವ್ವನನ್ನು ಮಣ್ಣು ಮಾಡಿ ಬರುವಾಗ ಆಟೋದಲ್ಲಿ ಮೆಲ್ಲಗೆ ಕೇಳಿದ್ದಳು, "ಅವ್ವಾ, ಮುಂದ ನಾನೂ ನಿನ್ನ ಮರೀತೀನೇನು?"

ಅವ್ವನ ಬುದ್ಧಿಯನ್ನು ಭಾವ ನೋಡಿದವರೇ ಅಲ್ಲ. ಸಂಜೆ ಮರಿಗಳನ್ನು ಹಾಲಿಗೆ ಬಿಡುವಾಗ ಯಾವ ಮರಿ ಯಾವ ಕುರಿಯದು, ಆ ಕುರಿ ಯಾರ ಮಗಳು ಎಂದು ಬಣ್ಣದ ಗುರುತಿಲ್ಲದೆ ಹೆಸರು ಹಿಡಿದು ಹೇಳುತ್ತಿದ್ದಳು. ಒಂದೇ ಹೊಟ್ಟೆಯ ಅವಳಿ ಮರಿಗಳಲ್ಲಿ ಒಂದು ದಾರಿ ಹಿಡಿಯುತ್ತದೆ, ಇನ್ನೊಂದು ಮುಳ್ಳುಬೇಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ನಗುತ್ತಿದ್ದಳು. ರಕ್ತದ ವಿಷಯ ಅಷ್ಟು ಬಲ್ಲವರು ಆ ಮೂರು ತಲೆಮಾರಿನ ಮಾಸ್ತರರಲ್ಲಿ ಒಬ್ಬರೂ ಇರಲಿಲ್ಲ.

ಪರೀಕ್ಷೆಯವನು ಟೈ ಸರಿಮಾಡಿಕೊಂಡು, ನೆನಪಿನ ಶಕ್ತಿ ಹೆಬ್ಬೆರಳಿನ ಗೆರೆಯಲ್ಲಿ ಕಾಣುತ್ತದೆ ಎಂದ. ಕಳೆ ತೆಗೆದು, ಉಣ್ಣೆ ಕತ್ತರಿಸಿ ನಮ್ಮವ್ವನ ಹೆಬ್ಬೆರಳು ಸವೆದುಹೋಗಿತ್ತು, ರೇಷನ್ ಅಂಗಡಿಯ ಯಂತ್ರಕ್ಕೂ ಹತ್ತುತ್ತಿರಲಿಲ್ಲ. ಅಂಥವರ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಗೆರೆ ಇಲ್ಲದಿದ್ದರೆ ಏನೂ ಹೇಳಲಾಗದು ಎಂದ. ಅವನಾಡಿದ್ದರಲ್ಲಿ ನಿಜ ಅದೊಂದೇ.

"ಕೂಡವ್ವಾ," ಎಂದು ಭಾವ ಮಗಳಿಗೆ ಕುರ್ಚಿ ತೋರಿಸಿದರು. "ನಮ್ಮ ತಲಿ ಬಂದದೋ, ಕುರಿ ತಲಿ ಬಂದದೋ ಗೊತ್ತಾಗ್ತದ."

ಮಗಳು ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. "ಮೊದಲ ನೀವು ಇಡ್ರಿ ದೊಡ್ಡಪ್ಪ. ಮುಪ್ಪು ನಿಮಗ ಮೊದಲ ಬರ್ತದ."

ತಮಗೆ ಸಕ್ಕರೆ ಕಾಯಿಲೆ, ಗುರುತು ಸರಿಯಾಗಿ ಬರುವುದಿಲ್ಲ ಎಂದರು ಭಾವ. ಅವರ ವಿಜ್ಞಾನವೆಲ್ಲ ಮಂದಿಯ ಬೆರಳಿಗೆ ಮಾತ್ರ.

ಮಗಳ ಬೆರಳನ್ನೂ ಇಡಿಸದೆ ಹೊರಬಂದು ಆಟೋಗೆ ಕಾಯುವಾಗ ಅವಳ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟೆ. ಅವ್ವನನ್ನು ನೋಡುತ್ತಿದ್ದ ಡಾಕ್ಟರು ಹೇಳಿದ್ದನ್ನೇ ಹೇಳಿದೆ: ರಕ್ತದ ಪಾಲು ಇರುತ್ತದೆ, ಅದೇ ಎಲ್ಲ ಅಲ್ಲ, ಓದಿನ ಕೊರತೆ, ಬಿಪಿ, ಕಿವುಡು, ಒಂಟಿತನ ಎಲ್ಲವೂ ಸೇರುತ್ತವೆ. "ಮರೀಬಹುದು, ಮರೀದಿರಲೂಬಹುದು. ನನಗ ಗೊತ್ತಿಲ್ಲವ್ವ."

ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಿದ್ದ ಅವಳು ಕೇಳಿದಳು, "ಆಯಿಯ ಕುರಿಗಳ ಹೆಸರು ನಿನಗ ಎಷ್ಟು ನೆನಪ ಅವ?"

ನಾಲ್ಕೇ ಬಂದವು. ಅದು ರಕ್ತದ ದೋಷವಲ್ಲ. ಅವ್ವ ಹೇಳುವಾಗ ನಾನು ಕೇಳಿಸಿಕೊಂಡಿರಲಿಲ್ಲ.