ಫರ್ಹಾನಾಳ ಹೆಸರಿನಲ್ಲಿ ನಾನು ಕೊಟ್ಟ ಒಪ್ಪಿಗೆ

ಆ ಒಪ್ಪಿಗೆ ಕೊಟ್ಟವನು ನಾನು. ಫರ್ಹಾನಾ ಅಲ್ಲ. ನಾಲ್ಕು ವರ್ಷದಿಂದ ಶಹಾಬಾದಿನ ನಮ್ಮ ಕಲ್ಲಿನ ಅಂಗಡಿಯಲ್ಲಿ ಎಲ್ಲರೂ ತಪ್ಪು ಅವಳದೆಂದೇ ನಂಬಿದ್ದಾರೆ. ಅಂಗಡಿ ಎನ್ನುವುದು ರೂಢಿ ಅಷ್ಟೆ — ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು, ಪಾಲಿಶ್ ಮಾಡಿ ಮಾರುವ ದೊಡ್ಡ ಅಂಗಳ ಅದು. ಅವರೆಲ್ಲ ಹಾಗೆ ನಂಬುವಂತೆ ಮಾಡಿದವನೂ ನಾನೇ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ, ಬರೀ ತಲೆಯಾಡಿಸಿದೆ.

ನಾನು ಸಿದ್ದಪ್ಪ, ಚಿತ್ತಾಪುರದವನು. ಮಾಲೀಕರಾದ ಗಫೂರ್ ಸಾಹೇಬರ ಬಳಿ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ತಲೆ ಬೆಳ್ಳಗಾಗಿದೆ. ಟೈಲ್ಸ್ ಬಂದು ನಮ್ಮ ಕಲ್ಲನ್ನು ಮೂಲೆಗೆ ತಳ್ಳಿದ ಮೇಲೆ ಸಾಹೇಬರು ಒಂದು ದಾರಿ ಹುಡುಕಿದರು: ಸೊಲ್ಲಾಪುರ, ಪುಣೆ, ಹೈದರಾಬಾದಿನ ಕಂತ್ರಾಟದಾರರಿಗೆ ತಿಂಗಳಿಗೊಮ್ಮೆ ಹೊಸ ಕಲ್ಲಿನ ಫೋಟೊ ಇಟ್ಟು ಇ-ಮೇಲ್ ಕಳಿಸುವುದು. ಒಂದೇ ಸಲಕ್ಕೆ ನೂರಾರು ಜನರಿಗೆ ಮೇಲ್ ಕಳಿಸಿಕೊಡುವ ಕಂಪನಿಗಳಿವೆಯಂತೆ, ಒಂದನ್ನು ಆರಿಸಿರಿ ಎಂದು ನನಗೂ, ಅಂಗಡಿಯ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ಫರ್ಹಾನಾಳಿಗೂ ಹೇಳಿದರು.

ನಾನು ಅರ್ಧ ತಾಸಿನಲ್ಲಿ ಆರಿಸಿಬಿಟ್ಟೆ. ಸೇಡಂನ ಬೀಗರೊಬ್ಬರು ಹೇಳಿದ ಕಂಪನಿ. ಎಲ್ಲಕ್ಕಿಂತ ಸೋವಿ, ಯಾರ ವಿಳಾಸ ಕೊಟ್ಟರೂ ಕಳಿಸುತ್ತಾರೆ, ಏನೂ ಕೇಳುವುದಿಲ್ಲ. ಇನ್ನೇನು ಬೇಕು?

ಫರ್ಹಾನಾ ತೆಗೆದುಕೊಂಡದ್ದು ಐದು ವಾರ. ವಾಡಿಯ ಹುಡುಗಿ, ಅವಳಪ್ಪ ಜಂಕ್ಷನ್ನಿನಲ್ಲಿ ರೈಲಿಗೆ ದಾರಿ ಬದಲಿಸುವ ಕೆಲಸ ಮಾಡಿದವರು. ಅವಸರ ಎನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ನಾನು ಗೇಲಿ ಮಾಡುತ್ತಿದ್ದೆ. ಅವಳು ನಾಲ್ಕು ಕಂಪನಿಗಳಲ್ಲಿ ಪರೀಕ್ಷೆಗೆಂದು ಖಾತೆ ತೆರೆದಳು. ಒಂದೇ ಪತ್ರ, ಒಂದೇ ಕಲ್ಲಿನ ಫೋಟೊ — ನಾಲ್ಕರಿಂದಲೂ ಪರಿಚಯದವರಿಗೆ ಕಳಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದಳು: ಮೇಲ್ ಎದುರಿಗೇ ಬಂತೋ, ಕಸ ಬೀಳುವ ಸ್ಪ್ಯಾಮ್ ಖಾನೆಗೆ ಹೋಯಿತೋ? ಮದುವೆಗೆಂದು ಚಿಮ್ಮನಚೋಡಕ್ಕೆ ಹೋದವಳು ಅಲ್ಲಿಯ ಕುಂಟು ನೆಟ್‌ವರ್ಕಿನಲ್ಲಿ ಯಾರ ಫೋಟೊ ಬೇಗ ತೆರೆಯುತ್ತದೆ ಎಂದು ಊಟದ ಪಂಕ್ತಿಯಲ್ಲೇ ನೋಡಿ ಬಂದಳು. ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಗಿರಾಕಿಗಳ ಪಟ್ಟಿ ನಮಗೆ ವಾಪಸು ಕೊಡುತ್ತೀರಾ ಎಂದು ನಾಲ್ವರಿಗೂ ಬರೆದು ಕೇಳಿದಳು. ಕೊನೆಗೆ, ‘ಇನ್ನು ಮುಂದೆ ಮೇಲ್ ಬೇಡ’ ಎನ್ನುವುದನ್ನು ತಾನೇ ಒತ್ತಿ, ನಿಜಕ್ಕೂ ನಿಲ್ಲುತ್ತದೋ ಎಂದು ಕಾದು ನೋಡಿದಳು. ಇದು ನನಗೆ ಹೊಳೆಯುತ್ತಲೇ ಇರಲಿಲ್ಲ — ಗಿರಾಕಿ ನಮ್ಮನ್ನು ಬೇಡವೆನ್ನುವ ದಾರಿಯನ್ನೂ ನಾವೇ ಪರೀಕ್ಷೆ ಮಾಡಿಡುವುದು!

ಅವಳು ಆರಿಸಿದ ಕಂಪನಿ, ಈ ವಿಳಾಸಗಳು ನಿಮಗೆ ಎಲ್ಲಿಂದ ಬಂದವು ಎಂದು ಕೇಳುತ್ತಿತ್ತು. ಹಣ ಕೊಡುವವರು ನಾವು, ಕೇಳಲು ಇವರು ಯಾರು ಎಂದು ನಾನು ಸಿಡಿಮಿಡಿಗೊಂಡೆ. ಅವಳು ನಕ್ಕಳು.

“ಕಾಕಾ, ನಮಗ ಕೇಳಲಿಕತ್ತಾರ ಅಂದ್ರ ಎಲ್ಲರಿಗೂ ಹಿಂಗೇ ಕೇಳ್ತಾರ. ಅದಕ್ಕೇ ಇವರ ಕಡಿಂದ ಬಂದ ಮೇಲ್ ಮಂದಿ ನಂಬ್ತಾರ.”

ಈ ಮಾತು ಎಷ್ಟು ದೊಡ್ಡದೆಂದು ಆಗ ತಿಳಿಯಲಿಲ್ಲ. ತಿಳಿಯಿತೇನೋ, ಆದರೆ ಅವಳಿಂದ ತಿಳಿಯುವುದು ಬೇಡವಾಗಿತ್ತು. ಸಾಹೇಬರು ಅವಳ ಕಂಪನಿಯನ್ನೇ ಒಪ್ಪಿದರು. ಅವಳು ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಕಳಿಸಲೇ ಎಂದು ಕೇಳಿ, ಹೂಂ ಅಂದವರನ್ನು ಮಾತ್ರ ಪಟ್ಟಿಗೆ ಸೇರಿಸಿದಳು. ಇನ್ನೂರು ಜನ ಸಹ ಆಗಲಿಲ್ಲ.

ನನ್ನ ಬಳಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಇಷ್ಟು ವರ್ಷ ಅಂಗಳಕ್ಕೆ ಬಂದುಹೋದ ಎಲ್ಲರ ವಿಸಿಟಿಂಗ್ ಕಾರ್ಡೂ ಅದರಲ್ಲಿ. ನಮ್ಮ ಕಡೆ ಮದುವೆಯ ಪತ್ರಿಕೆ ಹಂಚುವ ರೀತಿ ನಿಮಗೆ ಗೊತ್ತಿರಬೇಕು — ಬಸ್ಸಿನಲ್ಲಿ ಒಮ್ಮೆ ಪಕ್ಕದಲ್ಲಿ ಕುಳಿತವನನ್ನೂ ಬಿಡುವಂತಿಲ್ಲ. ನನ್ನ ಮಗಳ ಮದುವೆಯಲ್ಲಿ ಒಂದು ಮನೆ ಬಿಟ್ಟುಹೋಗಿ, ಆ ಮನೆಯವರು ಇಂದಿಗೂ ನನ್ನನ್ನು ಕಂಡರೆ ಮುಖ ತಿರುವುತ್ತಾರೆ. ಕಾರ್ಡು ಕೊಟ್ಟುಹೋದವರನ್ನು ಕರೆಯದಿರುವುದು ಅವಮಾನ, ಈ ಹುಡುಗಿಗೆ ರೀತಿ ರಿವಾಜು ಗೊತ್ತಿಲ್ಲ — ಹಾಗೆಂದುಕೊಂಡೆ. ಹಾಗಷ್ಟೇ ಅಂದುಕೊಂಡೆನೇ? ಇಲ್ಲ. ಅವಳ ಪಟ್ಟಿಗಿಂತ ನನ್ನ ಡಬ್ಬಿ ದೊಡ್ಡದೆಂದು ತೋರಿಸಬೇಕಾಗಿತ್ತು.

ಒಂದು ಶುಕ್ರವಾರ ಸಾಹೇಬರು ನಮಾಜಿಗೆ ಹೋಗಿದ್ದರು. ಫರ್ಹಾನಾ ತಾಯಿಯ ಕಣ್ಣು ತೋರಿಸಲು ರಜೆ ಹಾಕಿದ್ದಳು. ಚಿತ್ತಾಪುರದಲ್ಲಿ ಟೈಪ್ ಮಾಡಿಸಿ ತಂದ ಡಬ್ಬಿಯ ವಿಳಾಸಗಳನ್ನೆಲ್ಲ ಅವಳ ಕಂಪ್ಯೂಟರಿನಿಂದ, ಅವಳ ಖಾತೆಗೆ ಹಾಕಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಇವರೆಲ್ಲ ನಿಮ್ಮ ಪತ್ರ ಪಡೆಯಲು ಒಪ್ಪಿದ್ದಾರೆಯೇ? ಪಕ್ಕದಲ್ಲಿ ಖಾಲಿ ಚೌಕ. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಒಂದು ಗಳಿಗೆ ಕೈ ತಡೆಯಿತು — ಟಿಕ್ ಮಾಡಿದೆ. ಮೇಲ್ ಕಳಿಸಿದೆ.

ಅರ್ಧಕ್ಕರ್ಧ ವಿಳಾಸಗಳು ಸತ್ತಿದ್ದವು. ಉಳಿದವರಲ್ಲಿ ಎಷ್ಟೋ ಮಂದಿ, ಇವರು ಯಾರೋ ಗೊತ್ತಿಲ್ಲ ಎಂದು ದೂರಿನ ಬಟನ್ ಒತ್ತಿದರು. ಕಂಪನಿಯವರು ಸೋಮವಾರ ಖಾತೆ ಮುಚ್ಚಿದರು. ನಾವು ದಿನವೂ ಕಳಿಸುವ ಸಾಮಾನ್ಯ ಮೇಲುಗಳೂ ಸ್ಪ್ಯಾಮಿಗೆ ಬೀಳತೊಡಗಿ, ಸೊಲ್ಲಾಪುರದ ದೊಡ್ಡ ಗಿರಾಕಿಯೊಬ್ಬರು ನಮ್ಮ ದರಪಟ್ಟಿ ಕಾಣದೆ ಬೇರೆಯವರಿಂದ ಕಲ್ಲು ತರಿಸಿಕೊಂಡರು. ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಕಂಪನಿಯ ಪತ್ರದಲ್ಲಿದ್ದದ್ದು ಫರ್ಹಾನಾಳ ಹೆಸರು. ಒಪ್ಪಿಗೆ ಕೊಟ್ಟ ದಿನ, ಗಂಟೆ — ಎಲ್ಲ ಇತ್ತು. ಆ ಶುಕ್ರವಾರ ಅವಳು ರಜೆಯಲ್ಲಿದ್ದಳೆಂದು ಸಾಹೇಬರಿಗೆ ನೆನಪಾಗಲಿಲ್ಲ. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ನನ್ನನ್ನು ನೋಡಿದಳು, ಒಮ್ಮೆ ಮಾತ್ರ.

“ಖಾತೆ ನನ್ನ ಹೆಸರಿನ್ಯಾಗ ಅದ, ಸಾಹೇಬ್ರ. ನಾ ಹಾಕಿಲ್ಲ, ಖರೆ. ಆದ್ರ ಪಾಸ್‌ವರ್ಡ್ ತೆರೆದಿಟ್ಟು ಹೋದಾಕಿ ನಾನೇ.”

“ನೀ ಆರಿಸಿದ ಕಂಪನಿನೇ ಸರಿ ಇಲ್ಲವ್ವ. ಸಿದ್ದಪ್ಪ ಹೇಳಿದ್ದೇ ತಗೋಬೇಕಾಗಿತ್ತು, ಹೌದಲ್ಲೋ?”

ಸಾಹೇಬರು ನನ್ನತ್ತ ತಿರುಗಿ ಕೇಳಿದರು. ನಾನು ತಲೆಯಾಡಿಸಿದೆ.

ಅವಳ ಮೇಜನ್ನು ಲಾರಿ ಲೋಡಿನ ಚೀಟಿ ಬರೆಯುವಲ್ಲಿಗೆ ಹಾಕಿದರು. ಅವಳು ಆ ಧೂಳಿನಲ್ಲೇ ಕುಳಿತು ಕಂಪನಿಗೆ ಪತ್ರ ಬರೆದಳು. ನಡೆದದ್ದನ್ನು ನಡೆದ ಹಾಗೆ, ಯಾರ ಮೇಲೂ ಗೂಬೆ ಕೂರಿಸದೆ. ನನ್ನ ಡಬ್ಬಿಯ ವಿಳಾಸಗಳನ್ನೆಲ್ಲ ಅಳಿಸಿದಳು. ಹಳೆಯ ಗಿರಾಕಿಗಳಿಗೆ ಮತ್ತೆ ಫೋನ್ ಮಾಡಿ, ಮೇಲನ್ನು ಸ್ಪ್ಯಾಮಿನಿಂದ ಈಚೆ ತೆಗೆಯಿರಿ ಎಂದು ಒಬ್ಬೊಬ್ಬರನ್ನೂ ಕೇಳಿಕೊಂಡಳು. ಎರಡು ತಿಂಗಳಿಗೆ ಖಾತೆ ಮತ್ತೆ ತೆರೆಯಿತು. ಮರುದಿನ ಎಲ್ಲ ವಿವರ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ನನ್ನ ಕೈಗಿಟ್ಟು ಕೆಲಸ ಬಿಟ್ಟಳು. ನನಗೆ ಅರ್ಥವಾಗಲೆಂದು ಅಕ್ಷರ ದಪ್ಪಗೆ ಬರೆದಿದ್ದಳು. ಇವತ್ತು ನಮ್ಮ ಕಲ್ಲಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ಆ ಖಾತೆಯಿಂದ ಹೋಗುವ ಮೇಲ್ ನೋಡಿಯೇ ಬರುತ್ತಾರೆ. ಶಾಭಾಸ್ ಸಿಗುವುದು ನನಗೆ.

ಕಳೆದ ವರ್ಷ ಸೇಡಂನ ಬೇಳೆ ಮಿಲ್ಲಿನವರು, ಆ ಹುಡುಗಿ ಹೇಗೆ, ಕೆಲಸ ಕೊಡಬಹುದೇ ಎಂದು ನನ್ನನ್ನೇ ಕೇಳಿದರು. ನಾನು — ಗೊತ್ತಿಲ್ಲ ಎಂದೆ. ಎದುರು ಬಂದರೆ ಕೈ ಮುಗಿಯಬೇಕಾದವಳನ್ನು ಗೊತ್ತಿಲ್ಲ ಎಂದೆ. ಅವರು ಹೇಗೋ ನಂಬಿ ಕೆಲಸ ಕೊಟ್ಟರು. ಈಗ ವಾಡಿಯ ಮನೆಯ ಒಂದು ಕೋಣೆಯಲ್ಲಿ ಕುಳಿತು ಅವರಿಗೂ, ಚಿಂಚೋಳಿಯ ಬೀಜದ ವ್ಯಾಪಾರಿಗೂ, ಇನ್ನೂ ಕೆಲವರಿಗೂ ಮೇಲ್ ಕಂಪನಿ ಆರಿಸಿಕೊಡುವುದು ಅವಳ ಉದ್ಯೋಗ. ಶಹಾಬಾದಿನ ಕಲ್ಲಿನವರು ಮಾತ್ರ ಯಾರೂ ಅವಳ ಬಳಿ ಹೋಗುವುದಿಲ್ಲ. ಗಫೂರ್ ಸಾಹೇಬರ ಮಾತು ಇಲ್ಲಿ ಎಲ್ಲರೂ ಕೇಳುತ್ತಾರೆ.

ಹೋದ ವಾರ ಅವಳಿಂದ ನನಗೊಂದು ಮೇಲ್ ಬಂತು. ತನ್ನ ಕೆಲಸದ ವಿಷಯ ತಿಂಗಳಿಗೊಮ್ಮೆ ಬರೆದು ಕಳಿಸುತ್ತಾಳಂತೆ. ಕೆಳಗೆ ಇಷ್ಟೇ ಇತ್ತು: ‘ಕಾಕಾ, ನಿಮಗೆ ಕಳಿಸಬಹುದೇ? ಒಪ್ಪಿಗೆ ಇದ್ದರೆ ಮಾತ್ರ ಟಿಕ್ ಮಾಡಿರಿ.’ ಪಕ್ಕದಲ್ಲಿ ಖಾಲಿ ಚೌಕ.

ಏಳು ದಿನದಿಂದ ಅದನ್ನು ತೆರೆದು ನೋಡುತ್ತಿದ್ದೇನೆ, ಒತ್ತಿಲ್ಲ. ಇಂದು ಮತ್ತೆ ಶುಕ್ರವಾರ. ಇದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಪ್ರತಿ ಬರೆದಿದ್ದೇನೆ. ಒಂದು ಸಾಹೇಬರ ಮೇಜಿನ ಮೇಲಿದೆ, ಅವರು ನಮಾಜು ಮುಗಿಸಿ ಬರುತ್ತಲೇ ಓದುತ್ತಾರೆ. ಇನ್ನೊಂದನ್ನು ಸಂಜೆ ವಾಡಿಗೆ ನಾನೇ ಒಯ್ಯುತ್ತೇನೆ. ಅದನ್ನು ಓದಿದ ಮೇಲೂ ಅವಳು ನನ್ನ ಹೆಸರನ್ನು ತನ್ನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಾಳೆಯೇ ಎಂದು, ಮೊದಲು, ನಾನು ಅವಳನ್ನು ಕೇಳಬೇಕು.