ಚಪ್ಪಲಿ ಕಾಯುವ ಕ್ಯಾಮೆರಾ

ಚಿಂತಾಮಣಿಯ ಒಂದು ಪ್ರಾರ್ಥನಾ ಮಂದಿರದ ಬಾಗಿಲಿಗೆ ಕ್ಯಾಮೆರಾ ಹಾಕಲು ಹೋಗಿದ್ದೆ. ಹೊರಗೆ ಬಿಟ್ಟ ಚಪ್ಪಲಿಗಳು ಭಾನುವಾರ ಬಂತೆಂದರೆ ಕಾಣೆಯಾಗುತ್ತಿದ್ದವಂತೆ.

"ಪಾಪ ಮಾಡದೇ ಇರೋನು ಯೇಸಯ್ಯ ಒಬ್ಬನೇ ಕಣಪ್ಪ. ಮಿಕ್ಕೋರಿಗೆಲ್ಲ ಕ್ಯಾಮೆರಾ ಬೇಕು," ಅಂದರು ಪಾಸ್ಟರು.

ಕ್ಯಾಮೆರಾ ಚಾಲೂ ಮಾಡಿ, ಒಳಗಿನ ಕೆಲಸವನ್ನೂ ಮುಗಿಸಿ ಹೊರಗೆ ಬಂದರೆ ನನ್ನ ಹೊಸ ಚಪ್ಪಲಿಯೇ ಇಲ್ಲ! ಒಳಗೆ ಹೋಗಿ ಇಬ್ಬರೂ ರೆಕಾರ್ಡಿಂಗ್ ನೋಡಿದೆವು. ಟೀ ಹೇಳಿ ಬರಲು ಅವನ್ನು ಮೆಟ್ಟಿಕೊಂಡು ಹೊರಟವರು ಸಾಕ್ಷಾತ್ ಪಾಸ್ಟರೇ!

"ಅಯ್ಯೋ, ನಂದೇ ಅಂದ್ಕೊಂಡೆ! ಹಿತ್ತಲ ಬಾಗಿಲಲ್ಲಿ ಬಿಟ್ಟಿದೀನಿ. ಕ್ಷಮಿಸಿಬಿಡಪ್ಪ," ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕ್ಷಮಿಸಿದೆ ಬಿಡಿ ಅಯ್ಯ," ಅಂದೆ.

"ಹಂಗಾದ್ರೆ ಇದನ್ನ ಅಳಿಸಿಬಿಡು. ಕ್ಷಮಿಸಿದ ಮೇಲೆ ಯೇಸಯ್ಯ ರೆಕಾರ್ಡ್ ಇಟ್ಕೊಳ್ಳಲ್ಲ."

ಅಳಿಸಿದೆ. ಆದರೆ, ಚಪ್ಪಲಿ ಕಾಲಿಗೆ ಬಂದ ಮೇಲೆ.